ಪ್ರಶ್ನೋತ್ತರ: ಕಿತ್ತಳೆ ಚಾವಣಿಯ ಹೋಟೆಲ್‌ಗಳು ಏನಾದವು?

ಪ್ರಶ್ನೆ: ಅಮೆರಿಕದ ಹೆದ್ದಾರಿಗಳಲ್ಲಿ ಒಂದು ಕಾಲಕ್ಕೆ ಸಾವಿರದಷ್ಟು ಹೊವಾರ್ಡ್ ಜಾನ್ಸನ್ ಹೋಟೆಲ್‌ಗಳಿದ್ದವಂತೆ. ಅಷ್ಟೊಂದು ಬೆಳೆದದ್ದು ಹೇಗೆ?

ಉತ್ತರ: ಐಸ್‌ಕ್ರೀಮಿನಿಂದ. ಹೊವಾರ್ಡ್ ಜಾನ್ಸನ್ 1925ರಲ್ಲಿ ಮೆಸಾಚುಸೆಟ್ಸ್‌ನ ಕ್ವಿನ್ಸಿಯಲ್ಲಿ ಒಂದು ಔಷಧಿ ಅಂಗಡಿ ಕೊಂಡರು. ಅಲ್ಲಿನ ಐಸ್‌ಕ್ರೀಮಿಗೆ ಬೆಣ್ಣೆಯಂಶ ಹೆಚ್ಚಿಸಿದ ಮೇಲೆ ಜನ ಹುಡುಕಿಕೊಂಡು ಬಂದರು. ಮುಂದೆ '28 ರುಚಿಗಳು' ಎಂಬುದೇ ಅವರ ಗುರುತಾಯಿತು. 1935ರಲ್ಲಿ ಕೇಪ್ ಕಾಡ್‌ನಲ್ಲಿ ಫ್ರಾಂಚೈಸಿ ಶುರು ಮಾಡಿದರು. ಕಟ್ಟಡದ ಬಂಡವಾಳ ಬೇರೆಯವರದು. ಹೆಸರು, ಮೆನು, ಸಾಮಗ್ರಿ ಜಾನ್ಸನ್ ಅವರದು. ಸಾಮಗ್ರಿ ಮಾರಾಟದಲ್ಲೂ ಲಾಭವಿತ್ತು. ಜಾಣತನ ಇದ್ದದ್ದೇ ಅಲ್ಲಿ. 1940ರಲ್ಲಿ ಪೆನ್ಸಿಲ್ವೇನಿಯಾ ಟರ್ನ್‌ಪೈಕ್ ತೆರೆದಾಗ ಆ ಟೋಲ್ ರಸ್ತೆಯ ಊಟದ ಗುತ್ತಿಗೆಯೂ ಸಿಕ್ಕಿತು. ಕಾರು ಓಡಿಸುವವರು ನಿಲ್ಲಬೇಕೋ ಬೇಡವೋ ಎಂದು ಕೆಲವೇ ಸೆಕೆಂಡಿನಲ್ಲಿ ತೀರ್ಮಾನಿಸುತ್ತಾರಲ್ಲ, ಕಿತ್ತಳೆ ಚಾವಣಿ ದೂರದಿಂದಲೇ ಕಾಣುತ್ತಿತ್ತು.

ಪ್ರಶ್ನೆ: ಹಾಗಿದ್ದರೆ ಬಿದ್ದದ್ದೇಕೆ? ಮೆಕ್‌ಡೊನಾಲ್ಡ್ಸ್ ಬಂದದ್ದಕ್ಕೋ?

ಉತ್ತರ: ಅದೂ ಒಂದು ಕಾರಣ, ಆದರೆ ಮೊದಲ ಕಾರಣವಲ್ಲ. ಈ ಸರಣಿಯ ಅಡುಗೆಯೆಲ್ಲ ಕೇಂದ್ರ ಅಡುಗೆಮನೆಗಳಲ್ಲಿ ತಯಾರಾಗಿ, ಅಳತೆಗೆ ತಕ್ಕಂತೆ ತುಂಬಿ, ಹೆಪ್ಪುಗಟ್ಟಿಸಿ ಶಾಖೆಗಳಿಗೆ ಹೋಗುತ್ತಿತ್ತು. ಹೀಗೆ ಮಾಡಿದರೆ ರುಚಿ ಕೆಡಲೇಬೇಕೆಂದೇನಿಲ್ಲ. 1960ರಲ್ಲಿ ಜಾಕ್ ಪೆಪಾಂ, ಪಿಯರ್ ಫ್ರಾನೆ ಎಂಬ ಫ್ರೆಂಚ್ ಬಾಣಸಿಗರು ನ್ಯೂಯಾರ್ಕಿನ ಕೇಂದ್ರ ಅಡುಗೆಮನೆ ಸೇರಿ ಮಾರ್ಗರಿನ್ (ಎಣ್ಣೆಯಿಂದ ಮಾಡುವ, ಬೆಣ್ಣೆಯಂಥ ಜಿಡ್ಡು) ಜಾಗಕ್ಕೆ ಬೆಣ್ಣೆ, ಒಣ ಈರುಳ್ಳಿಯ ಜಾಗಕ್ಕೆ ಹಸಿ ಈರುಳ್ಳಿ ತಂದರು. ಮೊದಲು ಸಣ್ಣ ಪಾತ್ರೆಯಲ್ಲಿ ಹದ ಹಿಡಿದು, ಆಮೇಲೆ ದೊಡ್ಡ ಕಡಾಯಿಗೆ ಏರಿಸುತ್ತಿದ್ದರು. 1959ರಲ್ಲಿ ಅಧಿಕಾರಕ್ಕೆ ಬಂದ ಮಗನ ಕಾಲದಲ್ಲಿ ಮಾತ್ರ ಖರ್ಚು ಕಡಿಮೆ ಮಾಡುವ ಹಟ ಬೆಳೆಯುತ್ತ ಹೋಯಿತು. ಬಡಿಸುವ ಕೈಗಳು ಕಡಿಮೆಯಾದರೆ ಮೇಜು ಒರೆಸುವುದು ತಡ, ಕಾಫಿ ತಡ. ಉದ್ದ ಮೆನು ಇಟ್ಟುಕೊಂಡು ತಡ ಮಾಡುವ ಹೋಟೆಲು, ನಾಲ್ಕೇ ತಿಂಡಿ ಇಟ್ಟುಕೊಂಡು ತಕ್ಷಣ ಕೊಡುವವರ ಮುಂದೆ ನಿಲ್ಲುವುದು ಕಷ್ಟ. ಗಿರಾಕಿಗಳಲ್ಲಿ ಬಹುಪಾಲು ಕಾರಿನ ಪ್ರಯಾಣಿಕರೇ ಆದ್ದರಿಂದ 1973ರ ತೈಲ ಬಿಕ್ಕಟ್ಟಿನ ಹೊಡೆತವೂ ಜೋರಾಗಿಯೇ ಬಿತ್ತು. 1979ರಲ್ಲಿ ಬ್ರಿಟನ್ನಿನ ಇಂಪೀರಿಯಲ್ ಗ್ರೂಪ್ ಸುಮಾರು 63 ಕೋಟಿ ಡಾಲರಿಗೆ ಕೊಂಡು, 1985ರಲ್ಲಿ ಸುಮಾರು ಅರ್ಧ ಬೆಲೆಗೆ ಮಾರಿಯಟ್ ಎಂಬ ಅಮೆರಿಕದ ಹೋಟೆಲ್ ಕಂಪನಿಗೆ ಕೊಟ್ಟಿತು. ಮಾರಿಯಟ್‌ಗೆ ಬೇಕಾಗಿದ್ದದ್ದು ಆ ಜಾಗಗಳು, ಹಳೆಯ ಹೆಸರಲ್ಲ.

ಪ್ರಶ್ನೆ: ತುಮಕೂರು ಹತ್ತಿರ ಹೆದ್ದಾರಿಯಲ್ಲಿ ನಮ್ಮ ಮೂರು ಹೋಟೆಲ್‌ಗಳಿವೆ. ಸಾಂಬಾರು ಒಂದೇ ಕಡೆ ಮಾಡಿ ಕಳಿಸಬಹುದೇ?

ಉತ್ತರ: ಕಳಿಸಬಹುದು, ಆದರೆ ಪೂರ್ತಿ ಸಾಂಬಾರು ಬೇಡ. ಬೆಂದ ಬೇಳೆಯನ್ನಷ್ಟೇ ಕಳಿಸಿ. ಹೆಪ್ಪುಗಟ್ಟಿಸಿದರೆ ಆಲೂಗಡ್ಡೆ ಸ್ಪಂಜಿನಂತಾಗುತ್ತದೆ, ರುಬ್ಬಿದ ಕಾಯಿ ಒಡೆದು ನೀರು ಬೇರೆಯಾಗುತ್ತದೆ. ತರಕಾರಿ, ಹುಳಿ, ಒಗ್ಗರಣೆ ಆಯಾ ಹೋಟೆಲಿನಲ್ಲೇ ಆಗಲಿ. ಬಿಸಿ ಬೇಳೆಯನ್ನು ದೊಡ್ಡ ಕೊಳಗದಲ್ಲಿ ಮುಚ್ಚಿಟ್ಟರೆ ನಡುವಿನ ಶಾಖ ಗಂಟೆಗಟ್ಟಲೆ ಇಳಿಯುವುದಿಲ್ಲ, ಹಳಸುವುದು ಅಲ್ಲಿಂದಲೇ. ಎರಡು ಇಂಚು ಆಳಕ್ಕೆ ಮೀರದಂತೆ ಸ್ಟೀಲ್ ಟ್ರೇಗಳಿಗೆ ಸುರಿದು ಐಸ್ ನೀರಿನಲ್ಲಿಡಿ. 60 ಡಿಗ್ರಿಯಿಂದ 21ಕ್ಕೆ ಎರಡು ಗಂಟೆಯೊಳಗೆ, ಅಲ್ಲಿಂದ 5 ಡಿಗ್ರಿಗೆ ಮತ್ತೆ ನಾಲ್ಕು ಗಂಟೆಯೊಳಗೆ ಇಳಿಯಬೇಕು. ಅಡುಗೆಗೆ ಬಳಸುವ ಥರ್ಮಾಮೀಟರ್ ಒಂದು ಕೊಳ್ಳಿ, ಕೈಬೆರಳಿನ ಅಂದಾಜು ನಂಬಬೇಡಿ. ಹೋಟೆಲಿನಲ್ಲಿ ಮರಳಿ ಕುದಿ ಬರಿಸಿ, ಬಡಿಸುವವರೆಗೂ 60 ಡಿಗ್ರಿಗಿಂತ ಕೆಳಗಿಳಿಯದಂತೆ ನೋಡಿಕೊಳ್ಳಿ. ಉಳಿದದ್ದನ್ನು ನಾಳೆಗೆ ಇಡಬೇಡಿ.

ಪ್ರಶ್ನೆ: ಆ ಸರಣಿಯ ಒಂದಾದರೂ ಹೋಟೆಲ್ ಉಳಿದಿದೆಯೇ?

ಉತ್ತರ: ಇಲ್ಲ. ಮೇಯ್ನ್ ರಾಜ್ಯದ ಬ್ಯಾಂಗರ್‌ನದು 2016ರಲ್ಲಿ ಮುಚ್ಚಿತು. ಕೊನೆಯದಾಗಿ ಉಳಿದಿದ್ದ ನ್ಯೂಯಾರ್ಕ್ ರಾಜ್ಯದ ಲೇಕ್ ಜಾರ್ಜ್‌ನದು 2022ರಲ್ಲಿ ನಿಂತಿತು. ಹೊವಾರ್ಡ್ ಜಾನ್ಸನ್ ಎಂಬ ಫಲಕ ಈಗ ಕಾಣುವುದು ವಿಂಡಮ್ ಸಮೂಹದ ವಸತಿಗೃಹಗಳ ಮೇಲೆ.