ಬಾಡಿಗೆ ಅಂಗಳದ ಸಾಕರ್

ಓದುಗರ ಪತ್ರ: "ನಮ್ಮ ಮಗ ಇರುವುದು ಅಮೆರಿಕದ ಮಿಲ್ವಾಕಿಯಲ್ಲಿ. ಚಳಿಗಾಲದಲ್ಲಿ ಹೋಗಿದ್ದಾಗ ಮಿಲ್ವಾಕಿ ವೇವ್ ಅನ್ನುವ ತಂಡದ ಒಳಾಂಗಣ ಸಾಕರ್ ಪಂದ್ಯ ತೋರಿಸಿದ. ಚೆಂಡು ಗೋಡೆಗೆ ಬಡಿದು ವಾಪಸ್ ಬರುತ್ತದೆ, ಆಟ ನಿಲ್ಲುವುದೇ ಇಲ್ಲ, ಗೋಲಿಗೆ ಬರವಿಲ್ಲ. ನಮಗಂತೂ ಖುಷಿಯಾಯಿತು. ಆದರೆ ಈ ಲೀಗ್ ಆಗಾಗ ಮುಚ್ಚಿಹೋಗಿ ಬೇರೆ ಹೆಸರಲ್ಲಿ ತೆರೆಯುತ್ತಿರುತ್ತದಂತೆ. ಇಷ್ಟು ಮಜಾ ಇರುವ ಆಟ ಯಾಕೆ ದುಡ್ಡು ಮಾಡುವುದಿಲ್ಲ? ನಮ್ಮ ಕಬಡ್ಡಿ ಗೆಲ್ಲಲಿಲ್ಲವೇ? ಬೆಂಗಳೂರಲ್ಲಿ ಬಡಾವಣೆಗೊಂದು ಟರ್ಫ್ ಇದೆಯಲ್ಲ, ಇಲ್ಲಿ ಯಾರಾದರೂ ಶುರು ಮಾಡಬಾರದೇ? ಇನ್ನೊಂದು ಮಾತು. ಮಗನ ಗೆಳೆಯರು ಅಲ್ಲಿ ಇಂಥದ್ದೊಂದು ತಂಡದಲ್ಲಿ ಸಣ್ಣ ಪಾಲು ತೆಗೆದುಕೊಳ್ಳುವ ಯೋಚನೆಯಲ್ಲಿದ್ದಾರೆ. ಇವನನ್ನೂ ಕರೆಯುತ್ತಿದ್ದಾರೆ." — ಶಿವಮೊಗ್ಗದ ಓದುಗರು (ಹೆಸರು ಹಾಕಬೇಡಿ ಎಂದಿದ್ದಾರೆ)

ನಿಮ್ಮ ಮಗ ಹೇಳಿದ್ದು ನಿಜ. ನೀವು ನೋಡಿದ ವೇವ್ ತಂಡವನ್ನೇ ತೆಗೆದುಕೊಳ್ಳಿ. ಅದು ಹುಟ್ಟಿದ್ದು 1984ರಲ್ಲಿ. ಅಮೆರಿಕದಲ್ಲಿ ಎಡೆಬಿಡದೆ ನಡೆದುಬಂದ ವೃತ್ತಿಪರ ಸಾಕರ್ ತಂಡಗಳಲ್ಲಿ ಅದೇ ಹಿರಿಯ. ಇಷ್ಟು ವರ್ಷದಲ್ಲಿ ತಂಡ ಬದಲಾಗಲಿಲ್ಲ, ಲೀಗ್ ಮಾತ್ರ ಬದಲಾಗುತ್ತಲೇ ಹೋಯಿತು. ಮೊದಲು ಎಐಎಸ್‌ಎ ಎಂಬ ಲೀಗ್, 1990ರಿಂದ ಎನ್‌ಪಿಎಸ್‌ಎಲ್, 2001ರಿಂದ ಎಂಐಎಸ್‌ಎಲ್, 2008ರಲ್ಲಿ ಎಕ್ಸ್‌ಎಸ್‌ಎಲ್, ಮರುವರ್ಷ ಮತ್ತೊಂದು ಎಂಐಎಸ್‌ಎಲ್, 2014ರಿಂದ ಎಂಎಎಸ್‌ಎಲ್. ಈ ಎಕ್ಸ್‌ಎಸ್‌ಎಲ್‌ನಲ್ಲಿ ಇದ್ದದ್ದೇ ನಾಲ್ಕು ತಂಡ, ನಡೆದದ್ದು ಒಂದೇ ಸೀಸನ್.

ಇದನ್ನೆಲ್ಲ ನೋಡಿದವರು ಸಾಮಾನ್ಯವಾಗಿ "ಅಮೆರಿಕದವರಿಗೆ ಸಾಕರ್ ಬೇಕಿಲ್ಲ" ಅಂತ ಕೈ ತೊಳೆದುಕೊಳ್ಳುತ್ತಾರೆ. ನಾನು ಒಪ್ಪುವುದಿಲ್ಲ. ಈ ಆಟಕ್ಕೆ ಜನರ ಕೊರತೆ ಇತ್ತು ಅನ್ನುವುದು ಸುಳ್ಳು.

ಶುರುವಾದ ಕಥೆಯೇ ಅದಕ್ಕೆ ಸಾಕ್ಷಿ. 1974ರ ಫೆಬ್ರವರಿಯಲ್ಲಿ ಸೋವಿಯತ್ ಸೇನೆಯ ತಂಡ ಫಿಲಡೆಲ್ಫಿಯಾಕ್ಕೆ ಬಂದು ಅಲ್ಲಿನ ಆಟಮ್ಸ್ ತಂಡದ ಜೊತೆ ಐಸ್ ಹಾಕಿ ಅಂಗಳದಲ್ಲಿ ಸಾಕರ್ ಆಡಿತು. 11,790 ಜನ ಬಂದರು. ಅದನ್ನು ನೋಡಿದ ಎಡ್ ಟೆಪರ್ ಎಂಬ ಉದ್ಯಮಿಗೆ ಇದರಲ್ಲಿ ವ್ಯಾಪಾರ ಇದೆ ಅನ್ನಿಸಿತು. ಅವರು ಅರ್ಲ್ ಫೋರ್‌ಮನ್ ಜೊತೆ ಸೇರಿ ಮೇಜರ್ ಇಂಡೋರ್ ಸಾಕರ್ ಲೀಗ್, ಅಂದರೆ ಮೊಟ್ಟಮೊದಲ ಎಂಐಎಸ್‌ಎಲ್, ಕಟ್ಟಿದರು. 1978ರ ಡಿಸೆಂಬರ್‌ನಲ್ಲಿ ಆರು ತಂಡಗಳೊಂದಿಗೆ ಆಟ ಶುರು. ಮೊದಲ ಪಂದ್ಯದ ಚೆಂಡು ಒದ್ದದ್ದು ಬೇಸ್‌ಬಾಲ್ ತಾರೆ ಪೀಟ್ ರೋಸ್. ಅವರು ಸಿನ್ಸಿನಾಟಿ ಕಿಡ್ಸ್ ತಂಡದ ಪಾಲುದಾರರೂ ಆಗಿದ್ದರು. ಆ ತಂಡ ಒಂದೇ ವರ್ಷಕ್ಕೆ ಬಾಗಿಲು ಹಾಕಿತು, ಅದು ಬೇರೆ ಮಾತು.

ಆಟವನ್ನು ಅಮೆರಿಕದವರ ರುಚಿಗೆ ತಕ್ಕಂತೆ ಕಟ್ಟಿದ್ದರು. ಗೋಲ್‌ಕೀಪರ್ ಸೇರಿ ಒಂದೊಂದು ಕಡೆ ಆರು ಜನ. ಸುತ್ತ ಹಾಕಿಯ ಹಲಗೆ, ಅದರ ಮೇಲೆ ಗಾಜು. ಹದಿನೈದು ನಿಮಿಷದ ನಾಲ್ಕು ಕ್ವಾರ್ಟರ್. ತಪ್ಪು ಮಾಡಿದವನು ಸ್ವಲ್ಪ ಹೊತ್ತು ಆಟದಿಂದ ಹೊರಗೆ, ಪೆನಾಲ್ಟಿ ಬಾಕ್ಸಿನಲ್ಲಿ ಕೂರಬೇಕು. ಜನ ಮುಗಿಬಿದ್ದರು. ಸೇಂಟ್ ಲೂಯಿಸ್‌ನ ಸ್ಟೀಮರ್ಸ್ ತಂಡ 1981–82ರಲ್ಲಿ ಪಂದ್ಯಕ್ಕೆ ಸರಾಸರಿ 17 ಸಾವಿರ ಜನರನ್ನು ಸೇರಿಸಿತು. ಅದೇ ಊರಿನ ಹಾಕಿ ತಂಡವೇ ಹೊಟ್ಟೆಕಿಚ್ಚು ಪಡುವಷ್ಟು. 1987ರ ಜೂನ್‌ನಲ್ಲಿ ಟಕೋಮಾ ಸ್ಟಾರ್ಸ್ ಮತ್ತು ಡಲ್ಲಾಸ್ ಸೈಡ್‌ಕಿಕ್ಸ್ ನಡುವಿನ ಫೈನಲ್ಸ್ ಏಳನೇ ಪಂದ್ಯದವರೆಗೆ ಎಳೆಯಿತು. ಅವತ್ತು ಟಕೋಮಾ ಡೋಮ್‌ನಲ್ಲಿ 21,728 ಜನ. ಓವರ್‌ಟೈಮ್‌ನಲ್ಲಿ ಡಲ್ಲಾಸ್ 4–3ರಿಂದ ಗೆದ್ದಿತು.

ಇನ್ನೊಂದು ಸ್ವಾರಸ್ಯದ ವಿಷಯ. ಇವತ್ತು ಆಟಗಾರರು ಹೊಗೆ, ಲೇಸರ್ ಬೆಳಕು, ಜೋರು ಹಾಡಿನ ನಡುವೆ ಅಂಗಳಕ್ಕೆ ಓಡಿಬರುತ್ತಾರಲ್ಲ, ಈ ತಮಾಷೆಯನ್ನು ಎಂಬತ್ತರ ದಶಕದಲ್ಲೇ ಪಳಗಿಸಿದವರಲ್ಲಿ ಒಳಾಂಗಣ ಸಾಕರ್‌ನವರು ಮುಂದಿದ್ದರು. ಕಾನ್ಸಾಸ್ ಸಿಟಿ ಕಾಮೆಟ್ಸ್ ತಂಡದಲ್ಲಿ ಲೈವೀಕಿ ಅಣ್ಣತಮ್ಮಂದಿರು ಅದನ್ನೇ ಕೆಲಸ ಮಾಡಿಕೊಂಡಿದ್ದರು. ಅವರಲ್ಲಿ ಟಿಮ್ ಲೈವೀಕಿ ಮುಂದೆ ಎಇಜಿ ಎಂಬ ದೊಡ್ಡ ಕ್ರೀಡಾಂಗಣ ಕಂಪನಿಯ ಮುಖ್ಯಸ್ಥರಾದರು. ಆಟ ಸೊರಗಿತು, ಅಲ್ಲಿ ಕಲಿತವರು ಕ್ರೀಡಾಂಗಣಗಳನ್ನೇ ಆಳಿದರು.

ಹಾಗಾದರೆ ದುಡ್ಡು ಎಲ್ಲಿ ಹೋಯಿತು?

ಕ್ರೀಡಾಂಗಣ ತಂಡದ್ದಲ್ಲ. ನನ್ನ ಪ್ರಕಾರ ಎಲ್ಲವೂ ಇಲ್ಲಿಂದಲೇ ಶುರು. ಎನ್‌ಬಿಎ ಬಾಸ್ಕೆಟ್‌ಬಾಲ್ ಲೀಗ್‌ನ ಒಂದು ತಂಡ ವರ್ಷಕ್ಕೆ 41 ತವರು ಪಂದ್ಯ ಆಡುತ್ತದೆ. ಅದೇ ಕಟ್ಟಡದಲ್ಲಿ ಐಸ್ ಹಾಕಿಯೂ ಇದ್ದರೆ ಅದಕ್ಕೂ ಸುಮಾರು ಅಷ್ಟೇ. ಮೇಲಿಂದ ಸಂಗೀತ ಕಾರ್ಯಕ್ರಮ, ಸರ್ಕಸ್, ಮಕ್ಕಳ ಐಸ್ ಶೋ. ಇವರೆಲ್ಲ ಶುಕ್ರವಾರ, ಶನಿವಾರ ಹಂಚಿಕೊಂಡ ಮೇಲೆ ಉಳಿದ ದಿನ ಸಾಕರ್‌ಗೆ. ಮಂಗಳವಾರ ರಾತ್ರಿ, ಶಾಲೆ ಇರುವ ದಿನ, ಹೊರಗೆ ಹಿಮ ಬೀಳುತ್ತಿರುವಾಗ ಮಕ್ಕಳನ್ನು ಕರೆದುಕೊಂಡು ಯಾರು ಬರುತ್ತಾರೆ? ಈ ಆಟಕ್ಕೆ ಬರುವವರಲ್ಲಿ ಜಾಸ್ತಿ ಜನ ಮಕ್ಕಳಿರುವ ಮನೆಯವರೇ ಅಲ್ವಾ. ಬಂದರೂ ಪಾರ್ಕಿಂಗ್ ಕಾಸು, ಪಾಪ್‌ಕಾರ್ನ್ ಕಾಸು, ಬಿಯರ್ ಕಾಸು ಹೆಚ್ಚಾಗಿ ಕಟ್ಟಡದವರಿಗೆ. ಪ್ರತಿ ಪಂದ್ಯಕ್ಕೂ ಟರ್ಫ್ ಹಾಸಬೇಕು, ಮತ್ತೆ ಸುತ್ತಿಡಬೇಕು. ಅದರ ಕೂಲಿ ತಂಡದ ಲೆಕ್ಕಕ್ಕೆ.

ಟಿವಿಯಿಂದ ಬರುವ ಹಣ ಹೆಚ್ಚಿರಲಿಲ್ಲ. ಯುಎಸ್‌ಎ ನೆಟ್‌ವರ್ಕ್, ಇಎಸ್‌ಪಿಎನ್ ಪಂದ್ಯ ತೋರಿಸಿದವು, ಆದರೆ ಅಮೆರಿಕನ್ ಫುಟ್‌ಬಾಲ್‌ಗೆ ಸಿಗುವಂಥ ಹಣ ಇಲ್ಲಿ ಕನಸು. ಹಾಗಾಗಿ ತಂಡದ ಬದುಕು ಗೇಟ್ ಕಲೆಕ್ಷನ್ ಮೇಲೆ. ಅದು ಸಾಲದಿದ್ದರೆ ಮಾಲೀಕನ ಜೇಬಿನ ಮೇಲೆ. ಮಾಲೀಕನಿಗೆ ಬೇಜಾರಾದ ದಿನ ತಂಡ ಇನ್ನೊಂದು ಊರಿಗೆ. ಆ ಕಾಮೆಟ್ಸ್ ತಂಡವೇ ಮೊದಲು ಡೆಟ್ರಾಯಿಟ್ ಲೈಟ್ನಿಂಗ್ ಆಗಿತ್ತು, ಆಮೇಲೆ ಸ್ಯಾನ್ ಫ್ರಾನ್ಸಿಸ್ಕೋ ಫಾಗ್ ಆಯಿತು, 1981ರಲ್ಲಿ ಕಾನ್ಸಾಸ್ ಸಿಟಿಗೆ ಬಂತು. ಮೂರು ವರ್ಷದೊಳಗೆ ಮೂರು ಊರು.

ಖರ್ಚಿನ ಕಡೆ ಹುಚ್ಚು ಓಟ. ನ್ಯೂಯಾರ್ಕ್ ಆರೋಸ್ ತಂಡದ ಸ್ಟೀವ್ ಝುಂಗುಲ್ ಗೋಲಿನ ಮಳೆ ಸುರಿಸಿ ಮೊದಲ ನಾಲ್ಕೂ ಪ್ರಶಸ್ತಿ ಗೆಲ್ಲಿಸಿಕೊಟ್ಟರು. ಅಂಥವರು ತಮಗೂ ಬೇಕೆಂದು ಎಲ್ಲರೂ ಸಂಬಳ ಏರಿಸಿದರು. 1984ರಲ್ಲಿ ಹೊರಾಂಗಣದ ಲೀಗ್ ಎನ್‌ಎಎಸ್‌ಎಲ್ ಮುಗಿಯುವ ಹೊತ್ತಿಗೆ ಅಲ್ಲಿಂದ ನಾಲ್ಕು ತಂಡ ಇಲ್ಲಿಗೆ ಬಂದವು. ಪೆಲೆ ಆಡಿದ್ದ ಕಾಸ್ಮೋಸ್ ಕೂಡ ಬಂತು, ಸೀಸನ್ ಮುಗಿಯುವ ಮೊದಲೇ ಎದ್ದು ಹೋಯಿತು. 1988ರಲ್ಲಿ ಒಂದೇ ಬೇಸಿಗೆಯಲ್ಲಿ ಸೇಂಟ್ ಲೂಯಿಸ್, ಕ್ಲೀವ್‌ಲ್ಯಾಂಡ್, ಷಿಕಾಗೋ, ಮಿನ್ನೆಸೋಟ ತಂಡಗಳು ಮುಚ್ಚಿದವು. 17 ಸಾವಿರ ಜನ ಸೇರಿಸುತ್ತಿದ್ದ ಅದೇ ಸೇಂಟ್ ಲೂಯಿಸ್! ಕೊನೆಯ ಸೀಸನ್ ಆಡಿದ್ದು ಏಳೇ ತಂಡ. 1992ರ ಜುಲೈಗೆ ಲೀಗ್ ಮುಗಿಯಿತು.

ಗೆದ್ದವರಿಗೂ ರಕ್ಷಣೆ ಇರಲಿಲ್ಲ. ಸ್ಯಾನ್ ಡಿಯೆಗೋ ಸಾಕರ್ಸ್ ತಂಡ ರಾನ್ ನ್ಯೂಮನ್ ಕೋಚಿಂಗ್‌ನಲ್ಲಿ ಒಳಾಂಗಣದಲ್ಲಿ ಹತ್ತು ಪ್ರಶಸ್ತಿ ಗೆದ್ದಿತ್ತು. ಅದು 1996ರಲ್ಲಿ ಮುಚ್ಚಿತು. 2001ರಲ್ಲಿ ಮತ್ತೆ ಎದ್ದಿತು, 2004ರ ಡಿಸೆಂಬರ್‌ನಲ್ಲಿ ಸೀಸನ್ ಮಧ್ಯದಲ್ಲೇ ಮತ್ತೆ ಮುಚ್ಚಿತು. 2009ರಲ್ಲಿ ಅದೇ ಹೆಸರಲ್ಲಿ ಬೇರೆಯವರು ತೆರೆದರು. 2019ರಲ್ಲಿ ಅಮೆರಿಕದ ಸಾಕರ್ ತಾರೆ ಲ್ಯಾಂಡನ್ ಡೊನೊವನ್ ಅವರಂಥ ದೊಡ್ಡ ಹೆಸರನ್ನು ಕರೆತಂದದ್ದು ಈ ಮೂರನೇ ಅವತಾರ.

ಈಗ ನೀವು ಕೇಳಬಹುದು: ಕ್ರೀಡಾಂಗಣದ ಮಾಲೀಕರೇ ತಂಡ ಕಟ್ಟಿದರೆ? ಅದನ್ನೂ ಮಾಡಿ ನೋಡಿದ್ದಾರೆ. ಲಾಸ್ ಏಂಜಲಿಸ್‌ನಲ್ಲಿ ಲೇಕರ್ಸ್ ಬಾಸ್ಕೆಟ್‌ಬಾಲ್ ತಂಡದ ಮಾಲೀಕ ಜೆರಿ ಬಸ್ ತಮ್ಮದೇ ಫೋರಮ್ ಕಟ್ಟಡದಲ್ಲಿ ಲೇಜರ್ಸ್ ಎಂಬ ಸಾಕರ್ ತಂಡ ಆಡಿಸಿದರು. ಬಾಡಿಗೆಯ ಚಿಂತೆ ಇಲ್ಲ, ಆದರೆ ಆ ಊರಲ್ಲಿ ಜನ ಬರಲಿಲ್ಲ. 1993ರಲ್ಲಿ ಸಿಐಎಸ್‌ಎಲ್ ಅಂತ ಬೇಸಿಗೆಯ ಲೀಗ್ ಬಂತು. ಬಾಸ್ಕೆಟ್‌ಬಾಲ್, ಹಾಕಿ ತಂಡಗಳ ಮಾಲೀಕರು ಬೇಸಿಗೆಯಲ್ಲಿ ಖಾಲಿ ಬಿದ್ದಿರುವ ಕಟ್ಟಡ ತುಂಬಿಸಲು ಮಾಡಿದ್ದು. ಲೆಕ್ಕ ಚೆನ್ನಾಗಿಯೇ ಇತ್ತು. ಆದರೆ 1996ರಲ್ಲಿ ಹೊರಾಂಗಣದ ಸಾಕರ್ ಲೀಗ್ ಎಂಎಲ್‌ಎಸ್ ಶುರುವಾಯಿತು, 1997ರಲ್ಲಿ ಎನ್‌ಬಿಎಯವರೇ ಬೇಸಿಗೆಯಲ್ಲಿ ಮಹಿಳಾ ಬಾಸ್ಕೆಟ್‌ಬಾಲ್ ತಂದರು. ಅದೇ ವರ್ಷದ ಸೀಸನ್ ಸಿಐಎಸ್‌ಎಲ್‌ಗೆ ಕೊನೆಯದು. ಕಟ್ಟಡದವನಿಗೆ ಸಾಕರ್ ಮೇಲೇನೂ ಪ್ರೀತಿ ಇರುವುದಿಲ್ಲ. ಇನ್ನೂ ಒಳ್ಳೆಯ ಬಾಡಿಗೆದಾರ ಬಂದರೆ ಹಳಬನನ್ನು ಎಬ್ಬಿಸುತ್ತಾನೆ, ಅಷ್ಟೇ.

ಬದುಕಿದವರು ಯಾರು? ಸಣ್ಣದಾಗಿ ಬದುಕಲು ಒಪ್ಪಿಕೊಂಡವರು. ಎಐಎಸ್‌ಎ, ಆಮೇಲೆ ಅದರದೇ ಹೊಸ ಹೆಸರಾದ ಎನ್‌ಪಿಎಸ್‌ಎಲ್, ಕ್ಯಾಂಟನ್, ಹ್ಯಾರಿಸ್‌ಬರ್ಗ್‌ನಂಥ ಊರುಗಳಲ್ಲಿ ಕಡಿಮೆ ಸಂಬಳದಲ್ಲಿ 2001ರವರೆಗೆ ಎಳೆಯಿತು. ದೂರದಿಂದ ಹೊಡೆದ ಗೋಲಿಗೆ ಮೂರು ಪಾಯಿಂಟ್, ಹತ್ತಿರದ್ದಕ್ಕೆ ಎರಡು ಅಂತ ಬಾಸ್ಕೆಟ್‌ಬಾಲ್ ಲೆಕ್ಕ ಬೇರೆ. (ನನಗೆ ಅದು ಹಿಡಿಸಿಲ್ಲ. ಗೋಲು ಅಂದರೆ ಗೋಲು.) ನಿಮ್ಮ ವೇವ್ ತಂಡವೂ 2003ರಲ್ಲಿ ದೊಡ್ಡ ಬ್ರಾಡ್ಲಿ ಸೆಂಟರ್ ಬಿಟ್ಟು 1950ರ ಹಳೇ ಅರೀನಾಕ್ಕೆ ಬಂತು. ನೀವು ಕೂತದ್ದು ಅಲ್ಲೇ. ಬಾಲ್ಟಿಮೋರ್ ಬ್ಲಾಸ್ಟ್ 2017ರಲ್ಲಿ ನಗರದ ದೊಡ್ಡ ಅರೀನಾ ಬಿಟ್ಟು ಟೌಸನ್ ವಿಶ್ವವಿದ್ಯಾಲಯದ ಸಣ್ಣ ಅಂಗಳಕ್ಕೆ ಹೋಯಿತು. ಬ್ಲಾಸ್ಟ್ ಇಷ್ಟು ಕಾಲ ಉಳಿದದ್ದಕ್ಕೆ ಇನ್ನೊಂದು ಕಾರಣ ಎಡ್ ಹೇಲ್ ಎಂಬ ಹಠಮಾರಿ ಮಾಲೀಕ. 1989ರಿಂದ 1992ರವರೆಗೆ ತಂಡ ಅವರದ್ದಾಗಿತ್ತು. 1998ರಲ್ಲಿ ಮತ್ತೆ ಅದೇ ಊರಿನ ತಂಡ ಕೊಂಡು ಹಳೇ ಹೆಸರನ್ನೇ ಇಟ್ಟರು.

ಇವತ್ತಿನ ಎಂಎಎಸ್‌ಎಲ್‌ನಲ್ಲಿ ಒಂದು ತಂಡಕ್ಕೆ ಸೀಸನ್‌ನಲ್ಲಿ 24 ಪಂದ್ಯ, ಅಂದರೆ ತವರಿನಲ್ಲಿ 12. ವರ್ಷವಿಡೀ ಕಚೇರಿ ನಡೆಸಿ ಹನ್ನೆರಡೇ ದಿನ ಟಿಕೆಟ್ ಮಾರಬೇಕು. ಬಾಲ್ಟಿಮೋರ್‌ನಿಂದ ಸ್ಯಾನ್ ಡಿಯೆಗೋವರೆಗೆ ವಿಮಾನದ ಖರ್ಚು. ಆಟಗಾರರಲ್ಲಿ ಹಲವರಿಗೆ ಬೇರೆ ಕೆಲಸವೂ ಇದೆ, ಹೆಚ್ಚಾಗಿ ಮಕ್ಕಳಿಗೆ ಕೋಚಿಂಗ್. ಕೋವಿಡ್ ವರ್ಷದಲ್ಲಿ, 2021ರಲ್ಲಿ, ಅಂಗಳಕ್ಕಿಳಿದದ್ದು ಏಳೇ ತಂಡ.

ಕಬಡ್ಡಿಯ ಹೋಲಿಕೆ ತೆಗೆದದ್ದು ಒಳ್ಳೆಯದಾಯಿತು. ಪ್ರೊ ಕಬಡ್ಡಿ 2014ರಲ್ಲಿ ಶುರುವಾದಾಗ ಎಲ್ಲ ತಂಡಗಳೂ ಒಟ್ಟಿಗೆ ಒಂದೊಂದೇ ಊರಿಗೆ ಹೋಗಿ ಆಡುತ್ತಿದ್ದವು. ಎಲ್ಲರಿಗೂ ಒಂದೇ ಅಂಗಳ, ಒಂದೇ ಕ್ಯಾಮೆರಾ ಬಳಗ. 2015ರಲ್ಲಿ ಲೀಗ್ ನಡೆಸುವ ಮಶಾಲ್ ಸ್ಪೋರ್ಟ್ಸ್‌ನಲ್ಲಿ ಸ್ಟಾರ್ ಇಂಡಿಯಾ 74 ಶೇಕಡಾ ಪಾಲು ಕೊಂಡಿತು. ತೋರಿಸುವ ಚಾನೆಲ್ಲೇ ಮಾಲೀಕ! 2024ರ ಸೀಸನ್ ನೋಡಿ: ಪಂದ್ಯಗಳು ಹೈದರಾಬಾದ್, ನೋಯ್ಡಾ, ಪುಣೆಯಲ್ಲಿ ಮಾತ್ರ. ಬೆಂಗಳೂರು ಬುಲ್ಸ್ ಲೀಗ್ ಹಂತದಲ್ಲಿ ಬೆಂಗಳೂರಿನಲ್ಲಿ ಒಂದೂ ಪಂದ್ಯ ಆಡಲಿಲ್ಲ. ಆದರೂ ಲೀಗ್ ನಡೆಯಿತು, ಯಾಕೆಂದರೆ ಅದರ ಹೊಟ್ಟೆಪಾಡು ಗೇಟ್ ಮೇಲೆ ನಿಂತಿಲ್ಲ. ಸ್ಟೀಮರ್ಸ್‌ಗೆ ಇದ್ದ 17 ಸಾವಿರ ಜನ ನಮ್ಮ ಕಬಡ್ಡಿಗೆ ಕ್ರೀಡಾಂಗಣದಲ್ಲಿ ಬೇಕಾಗೇ ಇಲ್ಲ.

ಇನ್ನು ಬೆಂಗಳೂರಿನ ಮಾತು. ನಿಮ್ಮ ಮನಸ್ಸಿಗೆ ಬಂದದ್ದನ್ನು ಆಗಲೇ ಕೆಲವರು ಮಾಡಿದ್ದರು. 2016ರಲ್ಲಿ ಪ್ರೀಮಿಯರ್ ಫುಟ್ಸಾಲ್ (ಒಂದೊಂದು ಕಡೆ ಐದು ಜನ ಒಳಾಂಗಣದಲ್ಲಿ ಆಡುವ ಫುಟ್‌ಬಾಲ್) ಅಂತ ಲೀಗ್ ಬಂದಿತ್ತು, ನೆನಪಿದೆಯೇ? ಹಳೇ ಫುಟ್‌ಬಾಲ್ ತಾರೆ ಲೂಯಿಸ್ ಫಿಗೋ ಅಧ್ಯಕ್ಷರು, ಗೋವಾಕ್ಕೆ ರೊನಾಲ್ಡಿನೋ, ನಮ್ಮ ಬೆಂಗಳೂರು ತಂಡಕ್ಕೆ ಪಾಲ್ ಸ್ಕೋಲ್ಸ್, ಚೆನ್ನೈಗೆ ಫಾಲ್ಕಾವೋ. ಫುಟ್ಸಾಲ್‌ಗೆ ಗೋಡೆ ಇಲ್ಲ, ಚೆಂಡೂ ಬೇರೆ, ಆದರೆ ವ್ಯಾಪಾರ ಅದೇ ಜಾತಿಯದು. ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟದ ಮಾನ್ಯತೆ ಸಿಗಲಿಲ್ಲ. 2017ರಲ್ಲಿ ಎರಡನೇ ಸೀಸನ್ ನಡೆಯಿತು, ಆಮೇಲೆ ಇಲ್ಲ. ಹಳೇ ತಾರೆಯರಿಗೆ ಸುರಿದ ದುಡ್ಡಿನಿಂದ ಮೊದಲ ವಾರ ಪೇಪರ್‌ನಲ್ಲಿ ಫೋಟೋ ಬರುತ್ತದೆ. ನಾಲ್ಕನೇ ವರ್ಷದ ಬಾಡಿಗೆ ಅದರಿಂದ ಕಟ್ಟಲಾಗುವುದಿಲ್ಲ.

ನೀವು ಹೇಳಿದ ಆ ಟರ್ಫ್‌ಗಳ ಲೆಕ್ಕವೇ ಬೇರೆ. ಅಲ್ಲಿ ನೋಡುವವರು ದುಡ್ಡು ಕೊಡುವುದಿಲ್ಲ, ಆಡುವವರು ಕೊಡುತ್ತಾರೆ. ಗಂಟೆಗಿಷ್ಟು ಅಂತ ಮುಂಗಡ ಬುಕಿಂಗ್, ಆಟಗಾರರಿಗೆ ಸಂಬಳ ಇಲ್ಲ, ವಿಮಾನ ಟಿಕೆಟ್ ಇಲ್ಲ. ಅಮೆರಿಕದಲ್ಲೂ ಹಾಗೆಯೇ. ಲೀಗ್‌ಗಳು ಒಂದರ ಮೇಲೊಂದು ಮುಚ್ಚುತ್ತಿದ್ದ ಕಾಲದಲ್ಲೇ ಊರೂರಲ್ಲಿ ಒಳಾಂಗಣ ಸಾಕರ್ ಶೆಡ್‌ಗಳು ಎದ್ದವು. ಮಕ್ಕಳು, ಆಫೀಸಿನವರು ದುಡ್ಡು ಕೊಟ್ಟು ಆಡಿದರು. ಈ ಆಟದಲ್ಲಿ ಯಾರಾದರೂ ನೆಮ್ಮದಿಯಾಗಿ ಸಂಪಾದಿಸಿದ್ದರೆ ಜಾಸ್ತಿ ಅವರೇ. ನಮ್ಮಲ್ಲಿ ಲೀಗ್ ಮಾಡುವವರು ಮೊದಲು ಒಕ್ಕೂಟದ ಒಪ್ಪಿಗೆ ತರಬೇಕು, ಐದಾರು ವರ್ಷಕ್ಕೆ ಬರೆದುಕೊಡುವ ಚಾನೆಲ್ ತರಬೇಕು, ಎಲ್ಲ ತಂಡಗಳನ್ನೂ ಒಂದೇ ಹಾಲ್‌ನಲ್ಲಿ ಆಡಿಸಬೇಕು. ಇಷ್ಟಿಲ್ಲದೆ ಬಂದರೆ ಸುಮ್ನೆ ಎರಡು ವರ್ಷದ ಜಾತ್ರೆ.

ಮಗನ ಪಾಲಿನ ವಿಷಯ. ಗೆಳೆಯರು ಕಾಗದ ತೋರಿಸಿದಾಗ ಅವನು ನಾಲ್ಕು ಪ್ರಶ್ನೆ ಕೇಳಲಿ. ಅರೀನಾ ಒಪ್ಪಂದ ಎಷ್ಟು ವರ್ಷದ್ದು? ಶನಿವಾರಗಳು ಎಷ್ಟು ಸಿಕ್ಕಿವೆ? ಪಾರ್ಕಿಂಗ್ ಮತ್ತು ತಿಂಡಿಯ ಕಾಸಿನಲ್ಲಿ ತಂಡಕ್ಕೆ ಎಷ್ಟು? ಕಳೆದ ವರ್ಷದ ನಷ್ಟ ಯಾರು ತುಂಬಿದರು, ಮುಂದಿನ ವರ್ಷದ್ದು ಯಾರು ತುಂಬುತ್ತಾರೆ? ಕೊನೆಯ ಪ್ರಶ್ನೆಗೆ ಎಲ್ಲರೂ ಇವನ ಮುಖ ನೋಡಿದರೆ ಎದ್ದು ಬರಲಿ. ವೇವ್ ಪಂದ್ಯದ ಸೀಸನ್ ಟಿಕೆಟ್ ಬೇಕಿದ್ದರೆ ಧಾರಾಳವಾಗಿ ತೆಗೆದುಕೊಳ್ಳಲಿ. ಮುಂದಿನ ಚಳಿಗಾಲದಲ್ಲಿ ನೀವು ಹೋದಾಗ ಉಪಯೋಗಕ್ಕೆ ಬರುತ್ತದೆ.

— ಸಂಪಾದಕ