ನಿಮ್ಮ ಜೆಕ್ ಲೇಖನ ಈಗಲೇ ಯಾಕೆ ಹಾಕುತ್ತಿಲ್ಲ

ನಮಸ್ಕಾರ.

ಜೆಕ್ ದೇಶದ ಸ್ತ್ರೀವಾದದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ವಿಶ್ವವಿದ್ಯಾಲಯದ ಸ್ತ್ರೀವಾದಕ್ಕೂ ಬೀದಿ ಹೋರಾಟಕ್ಕೂ ಅಲ್ಲಿ ಸಂಬಂಧವೇ ಇಲ್ಲ ಅನ್ನೋದು ನಿಮ್ಮ ವಾದ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಮೊದಲ ನಾಲ್ಕು ಪುಟದಲ್ಲಿ ‘ಸಂಕಥನ’, ‘ಚೌಕಟ್ಟು’ ಬೇಕಾದಷ್ಟಿವೆ, ಒಬ್ಬ ಹೆಂಗಸೂ ಇಲ್ಲ. ಪ್ರಾಗ್ ತೆಗೆದು ಬೇರೆ ಊರಿನ ಹೆಸರು ಹಾಕಿದರೂ ಲೇಖನ ಹಾಗೇ ನಡೆದುಬಿಡುತ್ತೆ.

ಯಿರ್ಜಿನಾ ಶಿಕ್ಲೋವಾ ಅವರನ್ನು ‘ಸಮಾಜಶಾಸ್ತ್ರಜ್ಞೆ’ ಅಂತ ಒಂದು ಸಾಲಿನಲ್ಲಿ ಮುಗಿಸಿದ್ದೀರಿ. 1968ರಲ್ಲಿ ಸೋವಿಯತ್ ಸೇನೆ ನುಗ್ಗಿದ ನಂತರ ಕೆಲಸ ಕಳೆದುಕೊಂಡು ಕಸ ಗುಡಿಸಿದವರು ಅವರು. ನಿಷೇಧಿತ ಪುಸ್ತಕಗಳನ್ನು ಕದ್ದು ಸಾಗಿಸಿ 1981ರಲ್ಲಿ ಜೈಲು ಸೇರಿದರು. 1991ರಲ್ಲಿ ಪ್ರಾಗ್‌ನ ತಮ್ಮ ಮನೆಯಲ್ಲೇ ಜೆಂಡರ್ ಸ್ಟಡೀಸ್ (ಲಿಂಗ ಅಧ್ಯಯನ) ಗ್ರಂಥಾಲಯ ಶುರು ಮಾಡಿದರು. ಚಾರ್ಲ್ಸ್ ವಿಶ್ವವಿದ್ಯಾಲಯದಲ್ಲಿ ಜೆಂಡರ್ ವಿಭಾಗ ಬಂದದ್ದು ಎಷ್ಟೋ ವರ್ಷದ ಮೇಲೆ. ಪಾಠದವರು ಬೇರೆ, ಹೋರಾಟದವರು ಬೇರೆ ಅನ್ನುವ ನಿಮ್ಮ ಲೆಕ್ಕ ಇಲ್ಲೇ ತಪ್ಪುತ್ತೆ ಅಲ್ವಾ?

ಆದರೆ ನಿಮ್ಮ ಅನುಮಾನ ಪೂರ್ತಿ ಸುಳ್ಳಲ್ಲ. ಅದಕ್ಕೆ ಬಲ ಕೊಡುವ ವಿಷಯವನ್ನು ನೀವೇ ಅಡಿಟಿಪ್ಪಣಿಗೆ ತಳ್ಳಿದ್ದೀರಿ. ಓಸ್ತ್ರವಾ ನಗರದ ಎಲೆನಾ ಗೊರೊಲೋವಾ, ರೋಮಾ ಅನ್ನುವ ಅಲ್ಪಸಂಖ್ಯಾತ ಸಮುದಾಯದ ಹೆಂಗಸು. 1990, ಎರಡನೇ ಹೆರಿಗೆ, ವಯಸ್ಸು 21. ನೋವಿನ ನಡುವೆ ಒಂದು ಕಾಗದಕ್ಕೆ ಸಹಿ ಹಾಕಿದರು. ಅದು ಸಂತಾನಹರಣ ಚಿಕಿತ್ಸೆಗೆ ಒಪ್ಪಿಗೆ ಅಂತ ಗೊತ್ತಾದದ್ದು ಎಲ್ಲ ಮುಗಿದ ಮೇಲೆ. ಅವರಂಥವರು ಒಟ್ಟಾಗಿ ಬಾಯಿಬಿಟ್ಟರು. 2005ರಲ್ಲಿ ಓಂಬುಡ್ಸ್‌ಮನ್ (ಜನರ ದೂರು ವಿಚಾರಿಸುವ ಅಧಿಕಾರಿ) ವರದಿ ಬಂತು, 2009ರಲ್ಲಿ ಸರ್ಕಾರ ವಿಷಾದ ಹೇಳಿತು. ತಲಾ 3 ಲಕ್ಷ ಕೊರುನಾ ಪರಿಹಾರದ ಕಾನೂನು ಆಗಲು 2021 ಬೇಕಾಯಿತು. ಇಷ್ಟು ವರ್ಷ ಇವರ ಜೊತೆ ಕೂತವರು ಯಾರು? ವಕೀಲರಾ, ಮಾನವ ಹಕ್ಕಿನವರಾ, ಜೆಂಡರ್ ಮೇಷ್ಟ್ರುಗಳಾ? ಯಾರು ಯಾವಾಗ ಬಂದರು ಅಂತ ಹುಡುಕಿ ಬರೆಯಿರಿ. ಸುಮ್ನೆ ‘ಅಂತರವಿದೆ’ ಅಂದರೆ ನಾನು ನಂಬುವುದಿಲ್ಲ.

ಇನ್ನೊಂದು. 2024ರ ಜನವರಿಯಲ್ಲಿ ಅಲ್ಲಿನ ಸೆನೆಟ್ (ಸಂಸತ್ತಿನ ಮೇಲ್ಮನೆ) ಹೆಂಗಸರ ಮೇಲಿನ ಹಿಂಸೆ ತಡೆಯುವ ಇಸ್ತಾಂಬುಲ್ ಒಪ್ಪಂದವನ್ನು ತಿರಸ್ಕರಿಸಿದ್ದನ್ನು ಬರೆದಿದ್ದೀರಿ, ಸರಿ. ಅದೇ ವರ್ಷ ಸಂಸತ್ತು ಅತ್ಯಾಚಾರದ ಕಾನೂನು ಬದಲಿಸಿತು. ಹೆಣ್ಣು ಬೇಡ ಅಂದರೆ ಸಾಕು, ಬಲಪ್ರಯೋಗ ಸಾಬೀತಾಗಬೇಕಿಲ್ಲ. 2025ರಿಂದ ಅದು ಜಾರಿ. ಇದನ್ನು ಬಿಟ್ಟದ್ದು ಯಾಕೆ? ನಿಮ್ಮ ವಾದಕ್ಕೆ ಅಡ್ಡ ಬರುತ್ತೆ ಅಂತಲಾ?

‘ಸಮನ್ವಯ ಸಾಧಿಸಬೇಕಿದೆ’ ಅನ್ನುವ ಕೊನೆಯ ಪ್ಯಾರಾ ಹೊಡೆದುಹಾಕಿ. ಗೊರೊಲೋವಾ ಅವರಿಂದ ಶುರು ಮಾಡಿ, ಅರ್ಧಕ್ಕೆ ಇಳಿಸಿ ಕಳಿಸಿ. ಓದುತ್ತೇನೆ.