ಒಂದೇ ಮನೆ, ಒಂದೇ ಕೋವಿಡ್: ಅಮ್ಮ ಉಳಿದರು, ಅಪ್ಪ ಯಾಕೆ ಉಳಿಯಲಿಲ್ಲ?

ನಿಮ್ಮ ಪ್ರಶ್ನೆ ಇದು: "2021ರ ಮೇ ತಿಂಗಳಲ್ಲಿ ಅಪ್ಪ, ಅಮ್ಮ ಇಬ್ಬರಿಗೂ ಕೋವಿಡ್ ಬಂತು. ಅಪ್ಪನಿಗೆ 57, ಅಮ್ಮನಿಗೆ 55. ಇಬ್ಬರಿಗೂ ಶುಗರ್. ಅಮ್ಮ ಮನೆಯಲ್ಲೇ ಹುಷಾರಾದರು. ಅಪ್ಪ ನಡೆದುಕೊಂಡೇ ಆಸ್ಪತ್ರೆಗೆ ಹೋದವರು, ನಾಲ್ಕೇ ದಿನಕ್ಕೆ ತೀರಿಕೊಂಡರು. ರಿಸ್ಕ್ ಫ್ಯಾಕ್ಟರ್ ಜಾಸ್ತಿ ಇತ್ತು ಅಂದರು ಡಾಕ್ಟರು. ಹಾಗಂದರೇನು? ನಾವು ತಡ ಮಾಡಿದೆವಾ?"

ನಾನು ಸ್ಟಾಫ್ ನರ್ಸ್, ಡಾಕ್ಟರಲ್ಲ. ಎರಡೂ ಅಲೆಯಲ್ಲಿ ಒಂದು ಜಿಲ್ಲಾ ಆಸ್ಪತ್ರೆಯ ಕೋವಿಡ್ ವಾರ್ಡಿನಲ್ಲಿದ್ದೆ. ಹೆಚ್ಚಾಗಿ ನೈಟ್ ಡ್ಯೂಟಿ. ನಿಮ್ಮ ಅಪ್ಪನನ್ನು ನಾನು ನೋಡಿಲ್ಲ. ಆದರೆ ನಡೆದುಕೊಂಡು ಬಂದು ಆಮೇಲೆ ಏಳಲೇ ಇಲ್ಲದವರನ್ನು ಬಹಳ ಜನ ನೋಡಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ.

ರಿಸ್ಕ್ ಫ್ಯಾಕ್ಟರ್ ಅನ್ನೋದು ಗುಂಪಿನ ಲೆಕ್ಕ. ಶುಗರ್ ಇರುವ ಸಾವಿರ ಜನ, ಇಲ್ಲದ ಸಾವಿರ ಜನ. ಯಾವ ಗುಂಪಲ್ಲಿ ಜಾಸ್ತಿ ಜನ ಸತ್ತರು ಅಂತ ಎಣಿಸಿ ತೆಗೆದದ್ದು. ಆ ಸಾವಿರದಲ್ಲಿ ನಿಮ್ಮ ಅಪ್ಪ ಯಾವ ಕಡೆ ಬೀಳುತ್ತಾರೆ ಅಂತ ಅದು ಹೇಳೋದಿಲ್ಲ. ವಾರ್ಡಿನಲ್ಲಿ ಮಾತ್ರ ನಾವೂ ಅದನ್ನು ಜಾತಕದ ಥರ ಬಳಸುತ್ತಿದ್ದೆವು. ಶಿಫ್ಟ್ ಬದಲಾಗುವಾಗ "ಹನ್ನೆರಡನೇ ಬೆಡ್, ಶುಗರ್, ಬಿಪಿ, ಸ್ವಲ್ಪ ನೋಡ್ಕೊಳ್ಳಿ" ಅಂತ ಹೇಳಿ ಹೋಗೋದು.

ದೇಶದಲ್ಲಿ ಕೋವಿಡ್‌ನಿಂದ ಮೊದಲು ತೀರಿಕೊಂಡವರು ನಮ್ಮ ಕಲಬುರಗಿಯವರು, 2020ರ ಮಾರ್ಚ್‌ನಲ್ಲಿ. 76 ವರ್ಷ. ಸೌದಿಯಿಂದ ಬಂದಿದ್ದರು. ಬಿಪಿ, ಆಸ್ತಮಾ ಎರಡೂ ಇತ್ತು. ಆ ಸುದ್ದಿ ಓದಿ ಸುಮಾರು ಜನ "ಇದು ವಯಸ್ಸಾದವರ ಕಾಯಿಲೆ" ಅಂತ ಸಮಾಧಾನ ಮಾಡಿಕೊಂಡರು. ವಯಸ್ಸಿನ ವಿಷಯ ನಿಜವೇ. ಇಂಗ್ಲೆಂಡಿನಲ್ಲಿ 1 ಕೋಟಿ 72 ಲಕ್ಷ ವಯಸ್ಕರ ದಾಖಲೆ ತೆಗೆದು, ಮೊದಲ ಅಲೆಯ 10,926 ಸಾವುಗಳನ್ನು ಲೆಕ್ಕ ಹಾಕಿದರು. 50ರಿಂದ 59 ವರ್ಷದವರಿಗೆ ಹೋಲಿಸಿದರೆ 80 ದಾಟಿದವರಿಗೆ ಅಪಾಯ 20 ಪಟ್ಟು. ಬೇರೆ ಯಾವುದೂ ಅದರ ಹತ್ತಿರಕ್ಕೂ ಬರಲಿಲ್ಲ. ಕಿಡ್ನಿ ತುಂಬಾ ಕೆಟ್ಟಿದ್ದರೆ ಎರಡೂವರೆ ಪಟ್ಟು, ವಿಪರೀತ ದಪ್ಪ ಇದ್ದರೆ ಸುಮಾರು ಎರಡು ಪಟ್ಟು. ಬಿಪಿಗೆ ನಾವು ಅಷ್ಟೊಂದು ಹೆದರುತ್ತಿದ್ದೆವಲ್ಲ, ವಯಸ್ಸು ಮತ್ತು ಉಳಿದ ಕಾಯಿಲೆಗಳನ್ನು ಬದಿಗಿಟ್ಟು ನೋಡಿದಾಗ ಬಿಪಿಯೊಂದರಿಂದಲೇ ಅಪಾಯ ಏರಿದ್ದು ಕಾಣಲಿಲ್ಲ.

ಈಗ ನಿಮ್ಮ ಮನೆಗೆ ಬರೋಣ. ಅದೇ ಲೆಕ್ಕದಲ್ಲಿ ಶುಗರ್‌ಗೆ ಎರಡು ಸಾಲು ಇದೆ. ಹತೋಟಿಯಲ್ಲಿದ್ದರೆ 1.3 ಪಟ್ಟು. ಹತೋಟಿ ತಪ್ಪಿದ್ದರೆ ಹತ್ತಿರ ಹತ್ತಿರ 2 ಪಟ್ಟು. "ಇಬ್ಬರಿಗೂ ಶುಗರ್" ಅಂತ ನೀವು ಒಂದೇ ಮಾತಲ್ಲಿ ಬರೆದಿದ್ದೀರಿ. ಆದರೆ ಅಮ್ಮನ ಶುಗರ್ ಎಷ್ಟಿತ್ತು, ಅಪ್ಪನದು ಎಷ್ಟಿತ್ತು? ನಮ್ಮ ಕಡೆ ಹೆಂಗಸರು ಮಾತ್ರೆಯನ್ನಾದರೂ ಹೊತ್ತಿಗೆ ಸರಿಯಾಗಿ ನುಂಗುತ್ತಾರೆ. ಗಂಡಸರು "ನನಗೇನಾಗಿದೆ" ಅಂತ ವರ್ಷಗಟ್ಟಲೆ ಟೆಸ್ಟಿಗೇ ಹೋಗೋದಿಲ್ಲ. ಇದು ನಾನು ಕಂಡದ್ದು, ಅಂಕಿಅಂಶ ಅಲ್ಲ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ರಿಪೋರ್ಟ್ ಅಪ್ಪನ ಫೈಲಿನಲ್ಲಿ ಇದ್ದೀತು, ನೋಡಿ.

ಎರಡನೆಯದು, ಅವರು ಗಂಡಸು. ಇದನ್ನು ಹೇಳಿದರೆ ಜನ ನಗುತ್ತಾರೆ. ಆದರೆ ಅದೇ ಲೆಕ್ಕದಲ್ಲಿ ಗಂಡಸರಿಗೆ ಅಪಾಯ 1.6 ಪಟ್ಟು. ಬೀಡಿ, ಸಿಗರೇಟು ಅಂತ ಮೊದಲು ಅಂದುಕೊಂಡಿದ್ದೆವು. ಅದರಾಚೆಗೂ ಕಾರಣ ಇದೆ. ವೈರಸ್ ಬಂದ ಕೂಡಲೇ ಮೈಯಲ್ಲಿ ಕೂಗು ಹಾಕುವ ಒಂದು ವಸ್ತು ಇದೆ, ಇಂಟರ್‌ಫೆರಾನ್ ಅಂತ. ಕೆಲವರ ಮೈಯಲ್ಲಿ ಆ ಇಂಟರ್‌ಫೆರಾನನ್ನೇ ಕಟ್ಟಿಹಾಕುವ ಪ್ರತಿಕಾಯಗಳು ಮೊದಲೇ ಇರುತ್ತವೆ. 2020ರಲ್ಲಿ ತೀವ್ರ ಕೋವಿಡ್ ಆದ 987 ಜನರನ್ನು ಪರೀಕ್ಷಿಸಿದಾಗ 101 ಜನರಲ್ಲಿ ಇವು ಸಿಕ್ಕವು. ಆ 101ರಲ್ಲಿ 95 ಜನ ಗಂಡಸರು! ಇಂಥದ್ದು ಇದೆ ಅಂತ ಅವರಿಗೂ ಗೊತ್ತಿರಲಿಲ್ಲ, ಯಾವ ಲ್ಯಾಬಿನ ಮಾಮೂಲಿ ಟೆಸ್ಟಲ್ಲೂ ಸಿಗೋದಿಲ್ಲ. ಹಾಗಾಗಿ ನಿಮ್ಮ ಪ್ರಶ್ನೆಯ ಒಂದು ಪಾಲಿಗೆ ಉತ್ತರ ಕೇಸ್ ಶೀಟಿನಲ್ಲಿ ಇರಲಿಕ್ಕೇ ಇಲ್ಲ.

ಒಬ್ಬರ ಕಥೆ ಹೇಳುತ್ತೇನೆ. ಸುಮಾರು ನಿಮ್ಮ ಅಪ್ಪನ ವಯಸ್ಸಿನವರು, ಮೆಕ್ಕೆಜೋಳದ ವ್ಯಾಪಾರಿ. ರಾತ್ರಿ ಹನ್ನೊಂದಕ್ಕೆ ಮಗನ ಬೈಕಿನಲ್ಲಿ ಹಿಂದೆ ಕೂತು ಬಂದರು. ಬೆಡ್ ಮೇಲೆ ಕಾಲು ಇಳಿಬಿಟ್ಟು ಕೂತು ಫೋನಿನಲ್ಲಿ ಲೋಡಿನ ಲೆಕ್ಕ ಮಾತಾಡುತ್ತಿದ್ದರು. ಆಕ್ಸಿಜನ್ ಅಳೆಯುವ ಕ್ಲಿಪ್ ಬೆರಳಿಗೆ ಹಾಕಿದೆ. 79. ಮಿಷನ್ ಕೆಟ್ಟಿರಬೇಕು ಅಂತ ನನ್ನ ಬೆರಳಿಗೆ ಹಾಕಿಕೊಂಡೆ. 98. ಮತ್ತೆ ಅವರಿಗೆ, 78. "ದಮ್ಮು ಬರ್ತಿದೆಯಾ?" ಅಂದೆ. "ಇಲ್ಲ ಸಿಸ್ಟರ್, ಸುಸ್ತು ಅಷ್ಟೇ" ಅಂದರು. ಆದರೆ ಆ ಮಾತನ್ನು ಒಂದೇ ಉಸಿರಿಗೆ ಹೇಳಲಾಗಲಿಲ್ಲ. ನಡುವೆ ಎರಡು ಸಲ ನಿಲ್ಲಿಸಿದರು. ವಾಚ್ ನೋಡಿ ಒಂದು ನಿಮಿಷ ಉಸಿರು ಎಣಿಸಿದೆ, 36. ನಮ್ಮ ನಿಮ್ಮಂಥವರಿಗೆ ಸುಮ್ನೆ ಕೂತಾಗ 12ರಿಂದ 20 ಇರುತ್ತದೆ. ಬೆರಳು ಚುಚ್ಚಿ ನೋಡಿದರೆ ಶುಗರ್ 386. "ನನಗೆ ಶುಗರ್ ಇಲ್ಲ" ಅಂದರು. ಯಾವಾಗ ಚೆಕ್ ಮಾಡಿಸಿದ್ರಿ ಅಂದರೆ ಯಾವತ್ತೂ ಇಲ್ಲ. ಮಗನ ಜೇಬಿನಲ್ಲಿದ್ದ ಮಾತ್ರೆ ಚೀಟಿ ಬಿಚ್ಚಿದೆ. ಜ್ವರ ಬಂದ ಎರಡನೇ ದಿನದಿಂದಲೇ ಸ್ಟೆರಾಯ್ಡ್ ನುಂಗುತ್ತಿದ್ದರು, ಯಾರೋ ಹೇಳಿದರು ಅಂತ.

ಅಲ್ಲಿ ಮೂರು ವಿಷಯ ಒಟ್ಟಿಗೆ ಇದ್ದವು ನೋಡಿ: ದಮ್ಮು ಅನ್ನಿಸದೆ ಇಳಿದ ಆಕ್ಸಿಜನ್, ಗೊತ್ತೇ ಇಲ್ಲದ ಶುಗರ್, ಬೇಗ ಶುರುವಾದ ಸ್ಟೆರಾಯ್ಡ್. ದಮ್ಮು ಅನ್ನಿಸೋದು ಮುಖ್ಯವಾಗಿ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿದಾಗ. ಕೋವಿಡ್‌ನಲ್ಲಿ ಶ್ವಾಸಕೋಶ ಆಮ್ಲಜನಕ ಎಳೆದುಕೊಳ್ಳೋದರಲ್ಲಿ ಸೋತಿದ್ದರೂ, ಆ ಗಾಳಿಯನ್ನು ಹೊರಹಾಕುವ ಕೆಲಸವನ್ನು ಸುಮಾರು ದಿನ ಮಾಡುತ್ತಲೇ ಇರುತ್ತದೆ. ಅದಕ್ಕೇ ಒಳಗೆ ಬರಿದಾಗುತ್ತಿದ್ದರೂ ಮನುಷ್ಯ ಫೋನಿನಲ್ಲಿ ವ್ಯಾಪಾರ ಮಾಡುತ್ತಿರುತ್ತಾನೆ. ಇನ್ನು ಸ್ಟೆರಾಯ್ಡ್. ಬ್ರಿಟನ್ನಿನ ದೊಡ್ಡ ಪ್ರಯೋಗದಲ್ಲಿ ಡೆಕ್ಸಾಮೆಥಸೋನ್ ಅನ್ನೋ ಸ್ಟೆರಾಯ್ಡ್ ವೆಂಟಿಲೇಟರ್ ಮೇಲಿದ್ದವರ ಸಾವನ್ನು ಮೂರನೇ ಒಂದರಷ್ಟು ಇಳಿಸಿತು, ಆಕ್ಸಿಜನ್ ಮೇಲಿದ್ದವರಲ್ಲಿ ಐದನೇ ಒಂದರಷ್ಟು. ಆಕ್ಸಿಜನ್ ಬೇಕೇ ಇಲ್ಲದವರಿಗೆ ಕೊಟ್ಟಾಗ ಉಪಯೋಗ ಆಗಲಿಲ್ಲ, ಕೊಟ್ಟ ಗುಂಪಿನಲ್ಲೇ ಸಾವು ತುಸು ಜಾಸ್ತಿ ಕಂಡಿತು. ಅದೇ ಮಾತ್ರೆ, ದಿನ ಬೇರೆ. ವೈರಸ್ ಇನ್ನೂ ಬೆಳೆಯುತ್ತಿರುವಾಗ ಮೈಯ ಕಾವಲನ್ನು ಮಲಗಿಸಿದಂತೆ. ಮೇಲಿಂದ ಶುಗರ್ ಬೇರೆ ಏರಿಸುತ್ತದೆ. ಆ ವರ್ಷ ಬ್ಲ್ಯಾಕ್ ಫಂಗಸ್ ಅಷ್ಟೊಂದು ಬಂದದ್ದಕ್ಕೆ ಹತೋಟಿ ತಪ್ಪಿದ ಶುಗರ್, ಬೇಕಾಬಿಟ್ಟಿ ಸ್ಟೆರಾಯ್ಡ್ ಎರಡೂ ದೊಡ್ಡ ಕಾರಣ.

ಆ ಮೆಕ್ಕೆಜೋಳದವರನ್ನು ಬೋರಲು ಮಲಗಿಸಿದೆವು. ಜೋರಾಗಿ ಆಕ್ಸಿಜನ್ ಕೊಡುವ ಹೈ ಫ್ಲೋ ಹಾಕಿದೆವು, ಇನ್ಸುಲಿನ್ ಶುರು ಮಾಡಿದೆವು. ಐದನೇ ರಾತ್ರಿ ನನ್ನ ಶಿಫ್ಟಿನಲ್ಲೇ ಹೋದರು.

ಅದೇ ವಾರ ನಾಲ್ಕನೇ ಬೆಡ್ಡಿನಲ್ಲಿ 84ರ ಅಜ್ಜಿ. ಲೆಕ್ಕದ ಪ್ರಕಾರ ಉಳಿಯಬಾರದವರು. ಮೊಮ್ಮಗಳು ದಿನಕ್ಕೆ ಮೂರು ಸಲ ಬೆರಳಿಗೆ ಕ್ಲಿಪ್ ಹಾಕಿ ಕ್ಯಾಲೆಂಡರ್ ಮೇಲೆ ಬರೆದಿಟ್ಟಿದ್ದಳು. 93 ಕಂಡ ಕೂಡಲೇ ಆಟೋ ಮಾಡಿಸಿ ಕರೆತಂದಳು. ಆರು ದಿನ ಮಾಮೂಲಿ ಮಾಸ್ಕಿನಲ್ಲಿದ್ದು, ನನ್ನ ಹತ್ತಿರ ಎಲೆ ಅಡಿಕೆ ಕೇಳಿ ಬೈಸಿಕೊಂಡು, ಮನೆಗೆ ಹೋದರು. ಒಂದು ಅಜ್ಜಿಯಿಂದ ಏನೂ ಸಾಬೀತಾಗೋದಿಲ್ಲ, ಗೊತ್ತು. ಆದರೆ 93ರಲ್ಲಿ ಬಂದವರಿಗೂ 79ರಲ್ಲಿ ಬಂದವರಿಗೂ ನಾವು ಮಾಡಬಹುದಾದ್ದರಲ್ಲಿ ಬಹಳ ವ್ಯತ್ಯಾಸ ಇತ್ತು.

ಅಂದರೆ ನೀವು ತಡ ಮಾಡಿದಿರಾ? ಆಗಿರಬಹುದು, ಸುಳ್ಳು ಹೇಳೋದಿಲ್ಲ. ಆದರೆ ನಡೆದಾಡುತ್ತಿರುವ ಅಪ್ಪನಿಗೆ ಆಕ್ಸಿಜನ್ ಕಡಿಮೆ ಆಗಿದೆ ಅಂತ ನೋಡಿ ತಿಳಿಯೋದು ಹೇಗೆ? ನನಗೇ ಮಿಷನ್ ಮೇಲೆ ಅನುಮಾನ ಬಂದಿತ್ತು. ಆ ಮಿಷನ್ನೂ ಕಪ್ಪು ಬಣ್ಣದ ಚರ್ಮದವರಲ್ಲಿ ಕೆಲವೊಮ್ಮೆ ಇದ್ದದ್ದಕ್ಕಿಂತ ಜಾಸ್ತಿ ತೋರಿಸುತ್ತದೆ ಅಂತ ಆಮೇಲೆ ಓದಿದೆ. ಮೇ ಮೊದಲ ವಾರ ಕರ್ನಾಟಕದಲ್ಲಿ ಒಂದೇ ದಿನ 50 ಸಾವಿರ ಕೇಸ್ ದಾಟಿತ್ತು. ಎರಡು ದಿನ ಮೊದಲು ಹೊರಟಿದ್ದರೂ ಬೆಡ್ ಸಿಗುತ್ತಿತ್ತು ಅನ್ನೋ ಗ್ಯಾರಂಟಿ ಯಾರೂ ಕೊಡಲಾರರು. ಬೆಡ್ ಸಿಗದಿರೋದೂ ರಿಸ್ಕ್ ಫ್ಯಾಕ್ಟರೇ. ಯಾವ ಕೇಸ್ ಶೀಟಿನಲ್ಲೂ ಅದಕ್ಕೊಂದು ಕಾಲಂ ಇರಲಿಲ್ಲ.

ಕಾಮೆಂಟಲ್ಲಿ ಯಾರೋ "ಎಚ್1ಎನ್1ಗೂ ಇದೇ ಲಿಸ್ಟಾ?" ಅಂತ ಕೇಳಿದ್ದಾರೆ. ಪೂರ್ತಿ ಅಲ್ಲ. 2009ರಲ್ಲಿ ಬಸುರಿಯರು, ತುಂಬಾ ದಪ್ಪ ಇದ್ದವರು ಜಾಸ್ತಿ ಕಷ್ಟಪಟ್ಟರು. 65 ದಾಟಿದವರಿಗೆ ಹಳೇ ಫ್ಲೂನಿಂದ ಸ್ವಲ್ಪ ರಕ್ಷಣೆ ಇತ್ತು. ಅದಕ್ಕೆ ಒಸೆಲ್ಟಮಿವಿರ್ ಅನ್ನೋ ಔಷಧಿ ಇದೆ, ಮೊದಲ 48 ಗಂಟೆಯೊಳಗೆ ಶುರುವಾದರೆ ಹೆಚ್ಚು ಉಪಯೋಗ.

ಅಮ್ಮನಿಗೆ ಈಗ ಅರವತ್ತರ ಹತ್ತಿರ ಇರಬೇಕು. ಪ್ರತಿ ವರ್ಷ ಫ್ಲೂ ಲಸಿಕೆ, ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ, ಈ ಎರಡರ ಬಗ್ಗೆ ಅವರ ಡಾಕ್ಟರ ಹತ್ತಿರ ಮಾತಾಡಿ. ಮನೆಯಲ್ಲಿ ಯಾರಿಗಾದರೂ ಜ್ವರ, ಕೆಮ್ಮು ಬಂದಾಗ ಸುಮ್ನೆ ಕೂತಿದ್ದಾಗ ಒಂದು ನಿಮಿಷ ಉಸಿರು ಎಣಿಸಿ. ಎಣಿಸುತ್ತಿದ್ದೀರಿ ಅಂತ ಅವರಿಗೆ ಹೇಳಬೇಡಿ, ಹೇಳಿದರೆ ಉಸಿರಾಟದ ರೀತಿಯೇ ಬದಲಾಗುತ್ತದೆ. 24 ದಾಟಿದರೆ ಬೆಳಗಾಗಲಿ ಅಂತ ಕಾಯಬೇಡಿ. ಮತ್ತೆ ನೀವು, ಅಪ್ಪ ಅಮ್ಮ ಇಬ್ಬರಿಗೂ ಶುಗರ್ ಅಂದಿರಲ್ಲ, ಮೂವತ್ತು ದಾಟಿದ್ದರೆ ಈ ವಾರವೇ ಖಾಲಿ ಹೊಟ್ಟೆಯಲ್ಲಿ ಹೋಗಿ ಟೆಸ್ಟ್ ಮಾಡಿಸಿ.